ವಂಶದ ಇತಿಹಾಸ ಮತ್ತು ಪ್ರಾಸ್ಟೇಟ್ ತಪಾಸಣೆ: ಯಾವ ವಯಸ್ಸಿನಲ್ಲಿ ಆರಂಭಿಸಬೇಕು?

ಲೆಕ್ಕಪುಸ್ತಕ ಎಷ್ಟೇ ಅಚ್ಚುಕಟ್ಟಾಗಿದ್ದರೂ ವರ್ಷಕ್ಕೊಮ್ಮೆ ಅದನ್ನು ಪರಿಶೋಧನೆಗೆ ಒಪ್ಪಿಸುವ ವರ್ತಕರು, ತಮ್ಮ ದೇಹದ ವಿಷಯ ಬಂದಾಗ ಮಾತ್ರ 'ಸೀಸನ್ ಮುಗಿಯಲಿ, ನೋಡೋಣ' ಎಂದು ಮುಂದೂಡುವುದು ಸಾಮಾನ್ಯ. ಅದರಲ್ಲಿಯೂ ಮೂತ್ರ ಸಂಬಂಧಿ ಕಾಯಿಲೆಗಳ ಬಗ್ಗೆ ಮನೆಯಲ್ಲಿ ಮಾತೇ ಇರುವುದಿಲ್ಲ. ತಂದೆಯ ಅಂಗಡಿ, ಗೋದಾಮು, ಬ್ಯಾಂಕ್ ಸಾಲಗಳ ವಿವರವೆಲ್ಲ ಮಗನಿಗೆ ಗೊತ್ತಿರುತ್ತದೆ. ತಂದೆಗೆ ಆದ ಶಸ್ತ್ರಚಿಕಿತ್ಸೆ ಯಾವ ಕಾಯಿಲೆಗೆ ಎಂಬುದು ಗೊತ್ತಿರುವುದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರಿನ ಮಟ್ಟಿಗೆ ಈ ಅರಿವಿನ ಕೊರತೆ ದುಬಾರಿಯಾಗಬಲ್ಲದು.

ರೋಗದ ಸ್ವರೂಪ

ಪ್ರಾಸ್ಟೇಟ್ ಎಂಬುದು ಪುರುಷರಲ್ಲಿ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ, ಸುಮಾರು ಅಕ್ರೋಟಿನ ಗಾತ್ರದ ಗ್ರಂಥಿ. ವಯಸ್ಸಾದಂತೆ ಇದು ಊದಿಕೊಳ್ಳುವುದು ಸಹಜ. ಆ ಊತವೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರ್ ಆರಂಭದ ಹಂತದಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರುವುದಿಲ್ಲ. ಬೆನ್ನು ಅಥವಾ ಸೊಂಟದ ಮೂಳೆಯ ನೋವು ಕಾಣಿಸಿಕೊಂಡ ಮೇಲೆ ಪತ್ತೆಯಾದರೆ, ರೋಗ ಆಗಲೇ ಮೂಳೆಗೆ ಹರಡಿರುವ ಸಂಭವವುಂಟು. ಬೆಂಗಳೂರು, ದೆಹಲಿ ಮೊದಲಾದ ಮಹಾನಗರಗಳ ಕ್ಯಾನ್ಸರ್ ನೋಂದಣಿ ವರದಿಗಳಲ್ಲಿ ಇದು ಪುರುಷರ ಪ್ರಮುಖ ಕ್ಯಾನ್ಸರುಗಳಲ್ಲಿ ಒಂದಾಗಿದೆ.

ವಂಶದ ಪಾತ್ರ

ಡೆನ್ಮಾರ್ಕ್, ಫಿನ್‌ಲೆಂಡ್, ನಾರ್ವೆ ಮತ್ತು ಸ್ವೀಡನ್ ದೇಶಗಳ 2 ಲಕ್ಷಕ್ಕೂ ಅಧಿಕ ಅವಳಿಗಳ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ವ್ಯಕ್ತಿಯಿಂದ ವ್ಯಕ್ತಿಗೆ ಈ ರೋಗದ ಅಪಾಯದಲ್ಲಿರುವ ವ್ಯತ್ಯಾಸದ ಶೇ. 57ರಷ್ಟು ಭಾಗಕ್ಕೆ ಆನುವಂಶಿಕ ಅಂಶಗಳೇ ಕಾರಣವೆಂದು ಅದು ಅಂದಾಜಿಸಿತು. ರೋಗಿಗಳ ಮಕ್ಕಳಲ್ಲಿ ಶೇ. 57 ಮಂದಿಗೆ ರೋಗ ಬರುತ್ತದೆ ಎಂದು ಇದರ ಅರ್ಥವಲ್ಲ. ತಂದೆ ಅಥವಾ ಸಹೋದರನಿಗೆ ಈ ರೋಗ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ತಂದೆಗಿಂತ ಸಹೋದರನಿಗೆ ಬಂದಿದ್ದರೆ ಅಪಾಯ ಇನ್ನೂ ಹೆಚ್ಚು; ಇಬ್ಬರಿಗೆ ಬಂದಿದ್ದರೆ, ಅದರಲ್ಲಿಯೂ ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ, ಮತ್ತಷ್ಟು ಹೆಚ್ಚು.

ತಾಯಿಯ ಕಡೆಯನ್ನು ಮರೆಯುವುದು ಸಾಮಾನ್ಯ ತಪ್ಪು. ಸ್ತನ ಹಾಗೂ ಅಂಡಾಶಯದ ಕ್ಯಾನ್ಸರಿಗೆ ಕಾರಣವಾಗುವ ಬಿ.ಆರ್.ಸಿ.ಎ.-2 ಎಂಬ ವಂಶವಾಹಿಯ ದೋಷವು ಪುರುಷರಲ್ಲಿ ಉಗ್ರ ಸ್ವರೂಪದ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯವನ್ನೂ ಹೆಚ್ಚಿಸುತ್ತದೆ. ಆದುದರಿಂದ ತಾಯಿ, ಅಕ್ಕತಂಗಿಯರು, ಚಿಕ್ಕಮ್ಮ-ದೊಡ್ಡಮ್ಮಂದಿರ ಕಾಯಿಲೆಗಳೂ ವೈದ್ಯರಿಗೆ ತಿಳಿಯಬೇಕು.

ಆರಂಭದ ವಯಸ್ಸು

ಅಮೆರಿಕನ್ ಕ್ಯಾನ್ಸರ್ ಸೊಸೈಟಿಯು 2010ರ ಮಾರ್ಗಸೂಚಿಯಲ್ಲಿ, ತಪಾಸಣೆಯ ಬಗ್ಗೆ ವೈದ್ಯರೊಡನೆ ಚರ್ಚಿಸಬೇಕಾದ ವಯಸ್ಸನ್ನು ಹೀಗೆ ವಿಂಗಡಿಸಿತು:

1. ಸಾಮಾನ್ಯ ಅಪಾಯವುಳ್ಳವರಿಗೆ 50 ವರ್ಷ.
2. ತಂದೆ ಅಥವಾ ಸಹೋದರನಿಗೆ 65 ತುಂಬುವ ಮೊದಲೇ ರೋಗ ಪತ್ತೆಯಾಗಿದ್ದರೆ 45 ವರ್ಷ.
3. ಹೀಗೆ ಒಬ್ಬರಿಗಿಂತ ಹೆಚ್ಚು ಮಂದಿಗೆ ಪತ್ತೆಯಾಗಿದ್ದರೆ 40 ವರ್ಷ.

ಯುರೋಪಿನ ಮೂತ್ರರೋಗ ತಜ್ಞರ ಸಂಘದ ಸಲಹೆಯೂ ಇದಕ್ಕೆ ಹತ್ತಿರವಾಗಿದೆ: ಸಾಮಾನ್ಯರಿಗೆ 50, ವಂಶದಲ್ಲಿ ರೋಗವಿದ್ದವರಿಗೆ 45, ಬಿ.ಆರ್.ಸಿ.ಎ.-2 ದೋಷವುಳ್ಳವರಿಗೆ 40. ಭಾರತ ಸರ್ಕಾರದ ಕ್ಯಾನ್ಸರ್ ತಪಾಸಣಾ ಕಾರ್ಯಕ್ರಮವು ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳಿಗೆ ಮೀಸಲಾಗಿದೆ, ಪ್ರಾಸ್ಟೇಟ್ ಅದರಲ್ಲಿಲ್ಲ. ಆದ್ದರಿಂದ ಇಲ್ಲಿ ಮೊದಲ ಹೆಜ್ಜೆಯನ್ನು ವ್ಯಕ್ತಿಯೇ ಇಡಬೇಕಾಗುತ್ತದೆ.

ಪರೀಕ್ಷೆ ಮತ್ತು ಅದರ ಮಿತಿ

ಪಿ.ಎಸ್.ಎ. ಎಂಬುದು ಸರಳ ರಕ್ತಪರೀಕ್ಷೆ. ತಾಳೆಪಟ್ಟಿಯ ಎರಡೂ ಬದಿ ಸರಿಹೊಂದಿದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪೇ ಇಲ್ಲವೆಂದು ಹೇಳಲಾಗದಂತೆ, ಇದರ ಅಂಕಿಯೊಂದೇ ತೀರ್ಪಲ್ಲ. ಗ್ರಂಥಿಯ ಸಾಧಾರಣ ಊತ ಮತ್ತು ಸೋಂಕಿನಿಂದಲೂ ಅಂಕಿ ಏರುತ್ತದೆ. ಊತಕ್ಕೆ ಕೊಡುವ ಫಿನಾಸ್ಟೆರೈಡ್ ಮಾತ್ರೆ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುವುದರಿಂದ, ಅದನ್ನು ಸೇವಿಸುವವರು ವೈದ್ಯರಿಗೆ ತಿಳಿಸಲೇಬೇಕು. ಅಂಕಿ ಹೆಚ್ಚಿದ್ದಲ್ಲಿ ಪರೀಕ್ಷೆಯನ್ನು ಪುನಃ ಮಾಡಿಸಿ, ಎಂ.ಆರ್.ಐ. ಚಿತ್ರ ತೆಗೆಸಿ, ಅಗತ್ಯವಿದ್ದರೆ ಮಾತ್ರ ಬಯಾಪ್ಸಿ ಮಾಡುವುದು ಈಗಿನ ಕ್ರಮ.

ಲಾಭ-ನಷ್ಟ

ಯುರೋಪಿನ ಬೃಹತ್ ತಪಾಸಣಾ ಅಧ್ಯಯನದ 23 ವರ್ಷಗಳ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ತಪಾಸಣೆಗೆ ಆಹ್ವಾನಿತರಾದವರಲ್ಲಿ ಈ ರೋಗದಿಂದಾಗುವ ಸಾವು ಶೇ. 13ರಷ್ಟು ಕಡಿಮೆಯಾಗಿತ್ತು, 456 ಮಂದಿಯನ್ನು ಆಹ್ವಾನಿಸಿದಲ್ಲಿ ಒಂದು ಸಾವು ತಪ್ಪಿತ್ತು. ನಷ್ಟದ ಬಾಬ್ತೂ ಇದೆ. ಎಂದೂ ತೊಂದರೆ ಕೊಡದಿದ್ದ ನಿಧಾನಗತಿಯ ಕ್ಯಾನ್ಸರುಗಳೂ ಪತ್ತೆಯಾಗುತ್ತವೆ; ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆಯಿಂದ ಮೂತ್ರದ ಹಿಡಿತ ತಪ್ಪುವುದು, ಲೈಂಗಿಕ ಶಕ್ತಿ ಕುಂದುವುದು ಉಂಟು. ಈ ಕಾರಣದಿಂದಲೇ ಅಮೆರಿಕದ ತಜ್ಞ ಕಾರ್ಯಪಡೆ 2012ರಲ್ಲಿ ಪಿ.ಎಸ್.ಎ. ತಪಾಸಣೆಯೇ ಬೇಡವೆಂದಿತು, 2018ರಲ್ಲಿ ನಿಲುವು ಬದಲಿಸಿ, 55ರಿಂದ 69 ವರ್ಷದವರು ವೈದ್ಯರೊಡನೆ ಚರ್ಚಿಸಿ ತಾವೇ ನಿರ್ಧರಿಸಲಿ, 70 ದಾಟಿದವರಿಗೆ ಬೇಡ ಎಂದಿತು. ಅಪಾಯ ಕಡಿಮೆಯಿರುವ ಗಡ್ಡೆಗೆ ತಕ್ಷಣ ಚಿಕಿತ್ಸೆ ನೀಡದೆ ನಿಯತಕಾಲಿಕವಾಗಿ ಗಮನಿಸುತ್ತಾ ಹೋಗುವ ಪದ್ಧತಿ ಇಂದು ಬಳಕೆಯಲ್ಲಿದ್ದು, ಈ ನಷ್ಟವನ್ನು ಬಹುಮಟ್ಟಿಗೆ ತಗ್ಗಿಸಿದೆ.

ತೆರಿಗೆಯ ದೃಷ್ಟಿ

ಮುಂಜಾಗ್ರತಾ ಆರೋಗ್ಯ ತಪಾಸಣೆಯ ವೆಚ್ಚಕ್ಕೆ ರೂ. 5,000ದವರೆಗೆ ಕಡಿತ ನೀಡುವ ಅವಕಾಶವನ್ನು 2012ರ ಹಣಕಾಸು ಕಾಯಿದೆಯು ಅಂದಿನ 80ಡಿ ಪ್ರಕರಣದಲ್ಲಿ ಕಲ್ಪಿಸಿತು. 2025ರ ಆದಾಯ ತೆರಿಗೆ ಕಾಯಿದೆಯಲ್ಲಿಯೂ ಅದು ಮುಂದುವರಿದಿದೆ. ಈ ಮೊತ್ತ ಆರೋಗ್ಯ ವಿಮೆಯ ಒಟ್ಟು ಮಿತಿಯೊಳಗೇ ಸೇರುತ್ತದೆ. ನಗದಾಗಿ ಪಾವತಿಸಿದರೂ ಸಲ್ಲುತ್ತದೆ. ತಂದೆತಾಯಿಗಳ ತಪಾಸಣೆಗೂ ಅನ್ವಯಿಸುತ್ತದೆ. ಸಹೋದರನ ಖರ್ಚಿಗೆ ಅನ್ವಯಿಸದು. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಇದು ದೊರೆಯುವುದಿಲ್ಲ.

ಅಣ್ಣತಮ್ಮಂದಿರೇ ಪಾಲುದಾರರಾಗಿರುವ ಸಂಸ್ಥೆಗಳಲ್ಲಿ ಒಬ್ಬನ ರೋಗದ ವರದಿ ಉಳಿದವರಿಗೂ ಎಚ್ಚರಿಕೆಯ ಸೂಚನೆಯೇ ಆಗಿದೆ. ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಕ್ಯಾನ್ಸರ್ ಪತ್ತೆಯಾಯಿತು ಎಂಬ ಮೂರು ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು, ಪಾಲುದಾರಿಕೆ ಕರಾರು ಮತ್ತು ವಿಮಾ ಪತ್ರಗಳಿರುವ ಕಡತದಲ್ಲಿಯೇ ಇರಿಸುವುದು ಒಳ್ಳೆಯದು. ಹಿರಿಯರು ಬದುಕಿರುವಾಗಲೇ ಅವರನ್ನು ಕೇಳಿ ತಿಳಿದುಕೊಳ್ಳಬೇಕಾದ ಮಾಹಿತಿಯಿದು. 45 ಸಮೀಪಿಸುತ್ತಿರುವ ಮಗನಿಗೆ ತಂದೆ ಅದನ್ನು ತಾನಾಗಿಯೇ ತಿಳಿಸಿದರೆ ಇನ್ನೂ ಉತ್ತಮ.