ಕೈ ನ್ಯೂಯಾರ್ಕಿನಲ್ಲಿ, ಕತ್ತರಿ ಸ್ಟ್ರಾಸ್‌ಬರ್ಗಿನಲ್ಲಿ

2001ನೆಯ ಇಸವಿ, ಸೆಪ್ಟೆಂಬರ್ 7. ಫ್ರಾನ್ಸ್ ದೇಶದ ಪೂರ್ವದ ಅಂಚಿನಲ್ಲಿರುವ ಸ್ಟ್ರಾಸ್‌ಬರ್ಗ್ ನಗರದ ಆಸ್ಪತ್ರೆಯೊಂದರಲ್ಲಿ ಅರವತ್ತೆಂಟು ವರ್ಷದ ಮಹಿಳೆಯೊಬ್ಬರು ಶಸ್ತ್ರಕ್ರಿಯೆಯ ಮೇಜಿನ ಮೇಲೆ ಪ್ರಜ್ಞೆಯಿಲ್ಲದೆ ಮಲಗಿದ್ದರು. ಅವರ ಪಿತ್ತಕೋಶವನ್ನು ತೆಗೆಯಬೇಕಾಗಿತ್ತು. ಮೇಜಿನ ಬಳಿ ಯಂತ್ರದ ಮೂರು ತೋಳುಗಳು. ಒಂದು ತೋಳು ಪುಟ್ಟ ಕ್ಯಾಮರಾವನ್ನು ಹಿಡಿದಿತ್ತು. ಉಳಿದೆರಡರ ತುದಿಯಲ್ಲಿ ಶಸ್ತ್ರಗಳಿದ್ದುವು. ವೈದ್ಯರು ಪಕ್ಕದಲ್ಲಿಯೇ ನಿಂತಿದ್ದರು. ಆದರೆ ಆ ತೋಳುಗಳನ್ನು ಆಡಿಸುತ್ತಿದ್ದವರು ಅವರಲ್ಲ. ಆಡಿಸುತ್ತಿದ್ದ ಡಾಕ್ಟರ್ ಜಾಕ್ ಮರೆಸ್ಕೊ ಅವರೂ ಅವರ ಸಂಗಡಿಗರೂ ಅಟ್ಲಾಂಟಿಕ್ ಮಹಾಸಾಗರದ ಆಚೆಗೆ, ನ್ಯೂಯಾರ್ಕ್ ನಗರದ ಒಂದು ಕೋಣೆಯಲ್ಲಿ ಪರದೆಯ ಮುಂದೆ ಕುಳಿತಿದ್ದರು.

1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಎಂಬ ತರುಣನು ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಒಬ್ಬನೇ ವಿಮಾನ ನಡೆಸಿಕೊಂಡು ಹೋದದ್ದನ್ನು ನೆನೆದು ಈ ಸಾಹಸಕ್ಕೂ ಲಿಂಡ್‌ಬರ್ಗನ ಹೆಸರನ್ನೇ ಇಟ್ಟಿದ್ದರು. ಐವತ್ತನಾಲ್ಕು ನಿಮಿಷಗಳಲ್ಲಿ ಕೆಲಸ ಮುಗಿಯಿತು. ರೋಗಿಗೆ ಯಾವ ತೊಡಕೂ ಆಗಲಿಲ್ಲ. ನಾಲ್ಕು ದಿನಗಳ ತರುವಾಯ ಅದೇ ನ್ಯೂಯಾರ್ಕಿನಲ್ಲಿ ನಡೆದ ಘೋರ ದುರಂತದ ಸುದ್ದಿಯಲ್ಲಿ ಈ ಸಂಗತಿ ಮುಚ್ಚಿಹೋದದ್ದರಿಂದ ಸಲ್ಲಬೇಕಾದಷ್ಟು ಪ್ರಸಿದ್ಧಿ ಇದಕ್ಕೆ ಸಲ್ಲಲಿಲ್ಲ.

ವೈದ್ಯರ ಚಾತುರ್ಯವನ್ನು ಎಲ್ಲರೂ ಕೊಂಡಾಡಿದರು; ಅದು ಸರಿಯೆ. ಆದರೆ ಕೊಂಡಾಡಬೇಕಾದ ಇನ್ನೊಂದು ವಸ್ತು ಯಾರ ಕಣ್ಣಿಗೂ ಬೀಳುವಂಥದಲ್ಲ. ನ್ಯೂಯಾರ್ಕಿನಲ್ಲಿ ಬೆರಳು ಅಲುಗಿತು ಎಂಬ ಸಮಾಚಾರ ಸಮುದ್ರದ ತಳದ ಗಾಜಿನ ಎಳೆಯಲ್ಲಿ ಹಾದು ಸ್ಟ್ರಾಸ್‌ಬರ್ಗನ್ನು ಮುಟ್ಟಬೇಕು. ಶಸ್ತ್ರ ಅಲುಗಿದ ಚಿತ್ರ ಅಲ್ಲಿಂದ ಹಿಂದಿರುಗಿ ಪರದೆಯ ಮೇಲೆ ಮೂಡಬೇಕು. ಹೋಗಿ ಬರುವ ದಾರಿ 14,000 ಕಿಲೋಮೀಟರಿಗೂ ಹೆಚ್ಚು. ಬೆರಳು ಅಲುಗಿದ್ದಕ್ಕೂ ಚಿತ್ರ ಕಂಡದ್ದಕ್ಕೂ ನಡುವೆ ಆದ ತಡ ಸರಾಸರಿ 155 ಮಿಲಿಸೆಕೆಂಡು, ಎಂದರೆ ಒಂದು ಸೆಕೆಂಡಿನ ಆರನೆಯ ಒಂದು ಪಾಲಿಗಿಂತಲೂ ಕಡಮೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಆದುದರಿಂದ ಬರಿಯ ಓಟಕ್ಕೇ 70 ಮಿಲಿಸೆಕೆಂಡು ಬೇಕು. ಉಳಿದುದರಲ್ಲಿ ದೊಡ್ಡ ಪಾಲು ಚಿತ್ರವನ್ನು ಅಂಕೆಗಳಾಗಿ ಕಟ್ಟಿ, ಆಚೆಗೆ ಬಿಚ್ಚುವುದಕ್ಕೆ ಹೋಯಿತು. ದಾರಿಯಲ್ಲಿ ನಿಂತು ಕಾಯುವುದಕ್ಕೆ ಹೆಚ್ಚು ಹೊತ್ತು ಉಳಿದಿರಲೇ ಇಲ್ಲ.

ತಡ ಸುಮಾರು 300 ಮಿಲಿಸೆಕೆಂಡನ್ನು ಮೀರಿದರೆ ಇಂಥ ಕೆಲಸ ಅಪಾಯಕರವೆಂದು ಅವರು ಮೊದಲೇ ಪರೀಕ್ಷೆ ಮಾಡಿ ಕಂಡುಕೊಂಡಿದ್ದರು. ಏಕೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ವೈದ್ಯರು ಕೈಯನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ಪರದೆಯ ಮೇಲೆ ಏನೂ ಕಾಣುವುದಿಲ್ಲ. ಸಾಲದೆಂದು ಇನ್ನಷ್ಟು ಸರಿಸುತ್ತಾರೆ. ಅಷ್ಟರಲ್ಲಿ ಎರಡು ಅಪ್ಪಣೆಗಳೂ ಒಟ್ಟಿಗೆ ಆಚೆಯ ದಡವನ್ನು ಮುಟ್ಟಿ, ಶಸ್ತ್ರ ಇಮ್ಮಡಿ ದೂರ ಹಾರುತ್ತದೆ. ಅಲ್ಲಿ ಪಿತ್ತಕೋಶದ ಬುಡದಲ್ಲಿ ರಕ್ತನಾಳ ಇದೆ! ತಡ ಒಂದೇ ಸಮನಾಗಿದ್ದರೆ ನುರಿತ ಕೈ ಹೇಗೋ ಹೊಂದಿಕೊಂಡೀತು. ಈ ಗಳಿಗೆಗೆ ಒಂದು ತಡ, ಮರುಗಳಿಗೆಗೆ ಇನ್ನೊಂದು ತಡ ಎಂದಾದರೆ ಯಾವ ಧನ್ವಂತರಿಯೂ ಹೊಂದಿಕೊಳ್ಳಲಾರ.

ಕಾರ್ಡು ಮತ್ತು ಟ್ರಂಕ್ ಕಾಲ್

ಮನೆಮನೆಗೂ ಬಂದಿರುವ ಇಂಟರ್‌ನೆಟ್ಟಿನಲ್ಲಿ ಇಂಥ ಕರಾರು ಸಾಮಾನ್ಯವಾಗಿ ಸಿಕ್ಕುವುದಿಲ್ಲ. ಅಲ್ಲಿ ಸಾಗುವುದು ಪತ್ರವಿರಲಿ, ಹಾಡಿರಲಿ, ಚಿತ್ರವಿರಲಿ, ಮೊದಲು ಸಣ್ಣ ಸಣ್ಣ ತುಣುಕುಗಳಾಗುತ್ತದೆ. ಈ ತುಣುಕಿಗೆ ಪ್ಯಾಕೆಟ್ ಎಂದು ಹೆಸರು. ಪ್ರತಿಯೊಂದು ಪ್ಯಾಕೆಟ್ಟಿಗೂ ವಿಳಾಸ ಬರೆದು, ಅಂಚೆಗೆ ಕಾರ್ಡು ಹಾಕುವಂತೆ ಜಾಲಕ್ಕೆ ಹಾಕುತ್ತಾರೆ. ದಾರಿಯುದ್ದಕ್ಕೂ ಇರುವ ರೂಟರುಗಳೆಂಬ ಯಂತ್ರಗಳು ವಿಳಾಸ ಓದಿ ಮುಂದಿನ ನಿಲ್ದಾಣಕ್ಕೆ ದಾಟಿಸುತ್ತವೆ. ಹೊರೆ ಹೆಚ್ಚಾದರೆ ಪ್ಯಾಕೆಟ್ಟುಗಳು ಸರದಿಯಲ್ಲಿ ನಿಲ್ಲುತ್ತವೆ. ಸರದಿ ತೀರ ಬೆಳೆದರೆ ಹೊಸದಾಗಿ ಬಂದವನ್ನು ರೂಟರು ಚೆಲ್ಲಿಬಿಡುತ್ತದೆ. ಕೈಲಾದಷ್ಟು ಮಾಡುತ್ತೇನೆ ಎಂಬುದೊಂದೇ ಅದರ ಭಾಷೆ.

ಇದಕ್ಕೆ ತದ್ವಿರುದ್ಧವಾದ ಏರ್ಪಾಡನ್ನು ಹಿರಿಯ ಓದುಗರು ಬಲ್ಲರು. ಬೆಂಗಳೂರಿನಿಂದ ಮುಂಬಯಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಮನೆಮಂದಿಯೆಲ್ಲ ಫೋನಿನ ಸುತ್ತ ಕಾಯುತ್ತಿದ್ದ ಕಾಲ ಅದು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆಗಳಿದ್ದುವು. ಅರ್ಜೆಂಟಿಗೆ ಎರಡು ಪಟ್ಟು ದರ. ಲೈಟ್ನಿಂಗಿಗೆ ಎಂಟು ಪಟ್ಟು! ಸಾವಿನ ಸುದ್ದಿಯೋ ದೊಡ್ಡ ವ್ಯಾಪಾರವೋ ಇದ್ದ ಹೊರತು ಲೈಟ್ನಿಂಗ್ ಕಾಲ್ ಮಾಡುವ ಮನೆಗಳು ಅಪರೂಪ. 1960ರಲ್ಲಿ ಕಾನ್ಪುರ, ಲಕ್ನೋಗಳ ನಡುವೆ ನೇರವಾಗಿ ಡಯಲ್ ಮಾಡುವ ಸೌಕರ್ಯ ಮೊದಲಾಗಿ, ಕ್ರಮೇಣ ದೇಶಕ್ಕೆಲ್ಲ ಹಬ್ಬಿ, ಟ್ರಂಕ್ ಕಾಲಿನ ಕಾಲ ಮುಗಿಯಿತು. ಆದರೆ ಅದರ ಒಂದು ಗುಣವನ್ನು ಮರೆಯಬಾರದು. ಆಪರೇಟರು ಒಮ್ಮೆ ತಂತಿ ಕೂಡಿಸಿದ ಮೇಲೆ ಆ ತಂತಿ ಮಾತು ಮುಗಿಯುವವರೆಗೂ ಆ ಇಬ್ಬರದೇ. ಮೂರನೆಯವರು ಅಡ್ಡ ಬರುವಂತಿರಲಿಲ್ಲ. ತಂತಿ ಬಿಡುವಿಲ್ಲದಿದ್ದರೆ ಕರೆಯನ್ನು ಹೇಗೋ ತುರುಕದೆ, ಲೈನ್ ಇಲ್ಲ ಎಂದು ಹೇಳಿಬಿಡುತ್ತಿದ್ದರು. ಇಬ್ಬರೂ ಮಾತಾಡದೆ ಸುಮ್ಮನಿದ್ದಾಗ ತಂತಿ ದಂಡವಾಗುತ್ತಿತ್ತು ಎಂಬುದೂ ನಿಜ.

ಕಾರ್ಡಿನ ಮಿತವ್ಯಯವೂ ಟ್ರಂಕ್ ಕಾಲಿನ ಭರವಸೆಯೂ ಒಂದೇ ಜಾಲದಲ್ಲಿ ದೊರೆಯುವುದು ಹೇಗೆ? ಈ ಪ್ರಶ್ನೆಗೆ ಎಂಜಿನಿಯರುಗಳು ಹಲವು ದಶಕಗಳನ್ನು ಕಳೆದಿದ್ದಾರೆ. ಮೊದಲ ತೊಡಕು ದಾರಿಯನ್ನು ಆರಿಸುವುದರಲ್ಲಿಯೇ ಇದೆ.

ಕಾಫಿ ಕುಡಿಯುವಷ್ಟರಲ್ಲಿ

1956ರಲ್ಲಿ ಎಡ್‌ಸ್ಗರ್ ಡೈಕ್‌ಸ್ಟ್ರ ಎಂಬ ಡಚ್ ತರುಣನು ತಾನು ಮದುವೆಯಾಗಲಿದ್ದ ಹುಡುಗಿಯೊಡನೆ ಆಮ್‌ಸ್ಟರ್‌ಡ್ಯಾಮಿನ ಅಂಗಡಿಬೀದಿಗಳನ್ನು ಸುತ್ತಿ, ದಣಿದು, ಒಂದು ಹೋಟೆಲಿನ ಜಗುಲಿಯಲ್ಲಿ ಕಾಫಿಗೆಂದು ಕುಳಿತನು. ರಾಟರ್‌ಡ್ಯಾಮಿನಿಂದ ಗ್ರೋನಿಂಗನ್ನಿಗೆ ಎಲ್ಲಕ್ಕಿಂತ ಹತ್ತಿರದ ದಾರಿ ಯಾವುದು ಎಂಬ ಸಮಸ್ಯೆ ಅವನ ತಲೆಯಲ್ಲಿತ್ತು. ಕಾಗದವಿಲ್ಲ, ಪೆನ್ಸಿಲಿಲ್ಲ; ಇಪ್ಪತ್ತು ನಿಮಿಷಗಳಲ್ಲಿ ಉಪಾಯ ಹೊಳೆಯಿತು. 1959ರಲ್ಲಿ ಅದು ಮೂರು ಪುಟಗಳ ಲೇಖನವಾಗಿ ಅಚ್ಚಾಯಿತು. ಉಪಾಯದ ತಿರುಳು ಇಷ್ಟೆ: ಹೊರಟ ಊರಿನಿಂದ ಒಣಹುಲ್ಲಿಗೆ ಹತ್ತಿದ ಬೆಂಕಿಯಂತೆ ಎಲ್ಲ ದಿಕ್ಕಿಗೂ ಹಬ್ಬುತ್ತಾ ಹೋಗಬೇಕು. ಒಂದು ಊರನ್ನು ಮೊದಲು ಮುಟ್ಟಿದ ದಾರಿಯೇ ಆ ಊರಿಗೆ ಅತಿ ಹತ್ತಿರದ ದಾರಿ. ಆಮೇಲೆ ಬಂದ ದಾರಿಗಳನ್ನು ಮರೆತುಬಿಡಬಹುದು. ಜಗತ್ತಿನ ಲೆಕ್ಕವಿಲ್ಲದಷ್ಟು ರೂಟರುಗಳು ಈ ಹೊತ್ತಿಗೂ ದಾರಿ ಹುಡುಕುವುದು ಆ ಕಾಫಿಯ ಉಪಾಯದಿಂದಲೇ.

ಆದರೆ ಹತ್ತಿರದ ದಾರಿಯೇ ಒಳ್ಳೆಯ ದಾರಿಯೆ? ಜಾತ್ರೆಯ ದಿನ ತೇರುಬೀದಿ ಎಷ್ಟು ಹತ್ತಿರವಾದರೇನು! ಇಂಟರ್‌ನೆಟ್ಟಿನ ಪೂರ್ವಜವಾದ ಅರ್ಪಾನೆಟ್ ಎಂಬ ಅಮೆರಿಕದ ಜಾಲವು 1969ರಲ್ಲಿ ಮೊದಲಾದಾಗಲೇ ಇದನ್ನು ಅರಿತಿತ್ತು. 1979ರಲ್ಲಿ ಅದಕ್ಕೊಂದು ಹೊಸ ಏರ್ಪಾಡಾಯಿತು. ಪ್ರತಿಯೊಂದು ನಿಲ್ದಾಣವೂ ತನ್ನ ತಂತಿಗಳಲ್ಲಿ ಆಗುತ್ತಿರುವ ತಡವನ್ನು ಅಳೆದು ಉಳಿದೆಲ್ಲಕ್ಕೂ ಸಾರುವುದು. ಎಲ್ಲವೂ ಆ ಸುದ್ದಿಯನ್ನು ನಂಬಿ ತಡ ಕಡಮೆಯಾದ ದಾರಿಯನ್ನು ಹಿಡಿಯುವುದು. ಕೇಳುವುದಕ್ಕೆ ಇದಕ್ಕಿಂತ ನ್ಯಾಯವಾದ ಪದ್ಧತಿ ಇಲ್ಲ. ನಡೆದದ್ದು ಬೇರೆ. ಜಾಲದ ಎರಡು ಭಾಗಗಳನ್ನು ಕೂಡಿಸುವ ತಂತಿಗಳು ಎರಡೇ ಎನ್ನಿ. ಮೊದಲನೆಯದು ಕಿಕ್ಕಿರಿದಿದೆ, ಎರಡನೆಯದು ಖಾಲಿ ಇದೆ ಎಂಬ ಸುದ್ದಿ ಹಬ್ಬಿತು. ಎಲ್ಲರೂ ಎರಡನೆಯದಕ್ಕೆ ನುಗ್ಗಿದರು. ಈಗ ಅದು ಕಿಕ್ಕಿರಿಯಿತು, ಮೊದಲನೆಯದು ಬರಿದಾಯಿತು. ಮತ್ತೆ ಸುದ್ದಿ, ಮತ್ತೆ ನುಗ್ಗು. ಹೊರೆ ಹೆಚ್ಚಾದಷ್ಟೂ ಈ ತೂಗುಯ್ಯಾಲೆ ಜೋರಾಗಿ, ಎರಡು ತಂತಿಗಳಿದ್ದೂ ಒಂದರ ಕೆಲಸ ಮಾತ್ರ ಆಗುತ್ತಿತ್ತು. ಕೊನೆಗೆ 1987ರಲ್ಲಿ ಈ ಸುದ್ದಿಗೇ ಕಡಿವಾಣ ಹಾಕಿದರು: ತಂತಿ ಎಷ್ಟೇ ಕಿಕ್ಕಿರಿದಿದ್ದರೂ ಅದರ ದೂರವನ್ನು ಕೆಲವೇ ಪಟ್ಟಿಗಿಂತ ಹೆಚ್ಚಾಗಿ ಹೇಳಕೂಡದು, ಹೇಳುವುದನ್ನೂ ಮೆಲ್ಲಮೆಲ್ಲನೆ ಬದಲಾಯಿಸಬೇಕು. ಪೂರ್ತಿ ನಿಜವನ್ನು ಹೇಳದಿದ್ದಾಗ ಜಾಲ ನೆಟ್ಟಗಾಯಿತು!

ಅದಕ್ಕೆ ಸ್ವಲ್ಪ ಮುಂಚೆ, 1986ರ ಅಕ್ಟೋಬರಿನಲ್ಲಿ, ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿ ಇನ್ನೊಂದು ಚೋದ್ಯ ನಡೆದಿತ್ತು. ಪ್ರಯೋಗಾಲಯಕ್ಕೂ ವಿಶ್ವವಿದ್ಯಾನಿಲಯಕ್ಕೂ ನಡುವೆ ನಾನೂರು ಗಜಗಳ ಅಂತರ. ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ಜಾಗದಲ್ಲಿ ನೂಕುನುಗ್ಗಲಿನಿಂದಾಗಿ 40 ಬಿಟ್ ಮಾತ್ರ ಸಾಗಿತು. ಒಬ್ಬ ಆಳನ್ನು ಕೈಯಲ್ಲಿ ಕಾಗದ ಕೊಟ್ಟು ಓಡಿಸಿದ್ದರೆ ಬೇಗನೆ ಮುಟ್ಟಿಸಿಬಿಡುತ್ತಿದ್ದ. ದಾರಿ ಕಟ್ಟಿದ್ದು ಕಂಡರೆ ಕಳುಹಿಸುವವರೇ ವೇಗ ತಗ್ಗಿಸಿಕೊಳ್ಳುವ ಮರ್ಯಾದೆಯನ್ನು ವ್ಯಾನ್ ಜೇಕಬ್‌ಸನ್ ಎಂಬ ವಿಜ್ಞಾನಿ ಯಂತ್ರಗಳಿಗೆ ಕಲಿಸಿದ ಮೇಲೆ ಜಾಲ ಉಳಿಯಿತು. ಪತ್ರಕ್ಕೂ ಚಿತ್ರಕ್ಕೂ ಈ ಮರ್ಯಾದೆ ಸಾಕು. ಶಸ್ತ್ರ ಹಿಡಿದ ಕೈ ಮಾತ್ರ ಹಾಗೆ ವೇಗ ತಗ್ಗಿಸಿಕೊಂಡು ಕುಳಿತಿರಲಾರದು.

ಎರಡು ಕರಾರುಗಳು

ಶಸ್ತ್ರವೈದ್ಯನಿಗೆ ಬೇಕಾದ ದಾರಿ ಹಲವು ಪರೀಕ್ಷೆಗಳಲ್ಲಿ ಏಕಕಾಲಕ್ಕೆ ತೇರ್ಗಡೆಯಾಗಬೇಕು: ತಡ ಇಷ್ಟಕ್ಕಿಂತ ಮೀರಬಾರದು, ಅಗಲ ಇಷ್ಟಾದರೂ ಇರಬೇಕು, ಪ್ಯಾಕೆಟ್ಟುಗಳು ಕಳೆದುಹೋಗಬಾರದು, ಖರ್ಚೂ ಕೈಮೀರಬಾರದು. ಇವುಗಳಲ್ಲಿ ಅಗಲದ ಕರಾರು ಸುಲಭ. ನೀರಿನ ಕೊಳವೆಯ ಸಾಲಿನಲ್ಲಿ ಅತಿ ಸಣ್ಣ ಕೊಳವೆಯದೇ ಮಾತು. ಬೇಕಾದಷ್ಟು ಅಗಲವಿಲ್ಲದ ತಂತಿಗಳನ್ನೆಲ್ಲ ನಕ್ಷೆಯಿಂದ ಮೊದಲೇ ಅಳಿಸಿ, ಉಳಿದುದರಲ್ಲಿ ಡೈಕ್‌ಸ್ಟ್ರನ ಉಪಾಯದಿಂದ ದಾರಿ ಹುಡುಕಿದರಾಯಿತು. ತಡವಾದರೋ ಹಾಗಲ್ಲ, ಅದು ಪ್ರತಿ ಹೆಜ್ಜೆಯಲ್ಲೂ ಕೂಡುತ್ತಾ ಬರುತ್ತದೆ. ಖರ್ಚೂ ಕೂಡುತ್ತಾ ಬರುತ್ತದೆ. ಹೀಗೆ ಕೂಡುತ್ತಾ ಬರುವ ಎರಡು ಕರಾರುಗಳು ಒಟ್ಟಿಗೆ ಬಂದರೆ ಪೇಚಾಟ ಮೊದಲಾಗುತ್ತದೆ.

ಕಾರಣ ಸರಳ. ಡೈಕ್‌ಸ್ಟ್ರನ ಜಾಣತನವೆಲ್ಲ ಇದ್ದದ್ದು ಕೀಳಾದ ದಾರಿಯನ್ನು ಮರೆತುಬಿಡುವುದರಲ್ಲಿ. ಈಗ ಒಂದು ಊರಿಗೆ ಎರಡು ದಾರಿಗಳು ಬಂದುವು: ಒಂದು ಬೇಗನೆಯದು, ದುಬಾರಿ, ಇನ್ನೊಂದು ನಿಧಾನ, ಅಗ್ಗ. ಯಾವುದನ್ನು ಮರೆಯುವುದು? ಮುಂದೆ ಯಾವುದು ಕೊರತೆಯಾದೀತೋ ತಿಳಿಯದಾದ್ದರಿಂದ ಎರಡನ್ನೂ ಇಟ್ಟುಕೊಳ್ಳಬೇಕು. ಮುಂದಿನ ಊರಿಗೆ ನಾಲ್ಕು, ಅದರ ಮುಂದಿನದಕ್ಕೆ ಎಂಟು. ಇಂಥ ಮೂವತ್ತು ಹಂತಗಳಾದರೆ ದಾರಿಗಳ ಸಂಖ್ಯೆ ನೂರ ಏಳು ಕೋಟಿಯನ್ನು ಮೀರುತ್ತದೆ! ಚದುರಂಗದ ಮನೆಗಳಿಗೆ ಕಾಳು ತುಂಬಿಸಲು ಹೊರಟ ಅರಸನ ಪಾಡೇ ಇದು. ಯಾವ ಯಾವ ಕರಾರುಗಳು ಕೂಡಿಬಂದರೆ ಸಮಸ್ಯೆ ಹೀಗೆ ಬೆಟ್ಟವಾಗುತ್ತದೆಂಬುದನ್ನು ಲಂಡನ್ನಿನಲ್ಲಿ ಜೆಂಗ್ ವಾಂಗ್ ಮತ್ತು ಜಾನ್ ಕ್ರೋಕ್ರಾಫ್ಟ್ ಅವರು 1996ರಲ್ಲಿ ವಿಂಗಡಿಸಿ ತೋರಿಸಿದರು. ಎಲ್ಲ ಸಂದರ್ಭಕ್ಕೂ ಒದಗುವ, ತ್ವರಿತವಾದ, ಕರಾರುವಾಕ್ಕಾದ ಉಪಾಯ ಯಾರಿಗೂ ದೊರೆತಿಲ್ಲ. ಪೈಸೆಯ ಲೆಕ್ಕ ಬಿಟ್ಟು ರೂಪಾಯಿಯ ಲೆಕ್ಕ ಹಿಡಿಯುವ ವರ್ತಕನಂತೆ ಅಳತೆಯನ್ನು ಒರಟು ಮಾಡಿಕೊಂಡು ಕೆಲಸ ಸಾಗಿಸುತ್ತಾರೆ. ಬಹುಮಟ್ಟಿಗೆ ಅದು ಸಾಗುತ್ತದೆ ಕೂಡ.

ಇಲ್ಲ ಎನ್ನುವ ಅಧಿಕಾರ

ದಾರಿ ಸಿಕ್ಕಿದ ಮಾತ್ರಕ್ಕೆ ಭರವಸೆ ಸಿಕ್ಕಲಿಲ್ಲ. ಈ ಗಳಿಗೆಗೆ ಬಿಡುವಾಗಿರುವ ದಾರಿ ಮುಂದಿನ ಗಳಿಗೆಗೆ ಕಿಕ್ಕಿರಿಯಬಹುದಷ್ಟೆ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಅಭಯ್ ಪರೇಖ್ ಮತ್ತು ರಾಬರ್ಟ್ ಗ್ಯಾಲಗರ್ 1990ರ ದಶಕದ ಮೊದಲಲ್ಲಿ ಒಂದು ಮುಖ್ಯ ಸಂಗತಿಯನ್ನು ಗಣಿತದಿಂದ ಸಾಧಿಸಿದರು. ಕಳುಹಿಸುವವನು ತನ್ನ ಹರಿವು ಎಷ್ಟು, ಒಮ್ಮೆಗೇ ಸುರಿಯುವುದು ಹೆಚ್ಚೆಂದರೆ ಎಷ್ಟು ಎಂದು ಮೊದಲೇ ಹೇಳಿ, ಅದನ್ನು ಮೀರದಿರಬೇಕು. ದಾರಿಯ ರೂಟರುಗಳೆಲ್ಲ ಅವನ ಪಾಲನ್ನು ತಪ್ಪದೆ ಸಲ್ಲಿಸುತ್ತಿರಬೇಕು. ಹಾಗಿದ್ದರೆ, ಉಳಿದವರು ಎಷ್ಟೇ ನುಗ್ಗಲಿ, ಅವನ ಪ್ಯಾಕೆಟ್ಟಿಗೆ ಆಗಬಹುದಾದ ಅತಿ ಹೆಚ್ಚಿನ ತಡ ಎಷ್ಟೆಂದು ಹೊರಡುವ ಮೊದಲೇ ಬರೆದುಕೊಡಬಹುದು. ಅಂಥ ಪಾಲುಗಳೆಲ್ಲ ಹಂಚಿಹೋದ ಮೇಲೆ ಬಂದವನಿಗೆ ರೂಟರು ಟ್ರಂಕ್ ಆಪರೇಟರಿನಂತೆಯೇ ಲೈನ್ ಇಲ್ಲ ಎನ್ನಬೇಕು. ಬಂದವರನ್ನೆಲ್ಲ ಒಳಕ್ಕೆ ಬಿಟ್ಟುಕೊಳ್ಳುವ ಜಾಲ ಯಾರಿಗೂ ಮಾತು ಕೊಡಲಾರದು.

ಲಿಂಡ್‌ಬರ್ಗ್ ಶಸ್ತ್ರಕ್ರಿಯೆಗೆ ಫ್ರಾನ್ಸಿನ ದೂರವಾಣಿ ಸಂಸ್ಥೆ ಕೊಟ್ಟದ್ದು ಇಂಥ ಮಾತನ್ನೇ. ಎ.ಟಿ.ಎಂ. ಎಂಬ ಪದ್ಧತಿಯ ಜಾಲದಲ್ಲಿ ಸೆಕೆಂಡಿಗೆ ಒಂದು ಕೋಟಿ ಬಿಟ್ ಸಾಗುವಷ್ಟು ಅಗಲವನ್ನು ಮೀಸಲಿಟ್ಟಿದ್ದರು. (ಹಣದ ಯಂತ್ರಕ್ಕೂ ಇದಕ್ಕೂ ಹೆಸರಿನ ಹೊರತು ನಂಟಿಲ್ಲ.) ಈ ಪದ್ಧತಿಯಲ್ಲಿ ದಾರಿ ಮೊದಲೇ ಗೊತ್ತಾಗುತ್ತದೆ, ತುಣುಕುಗಳೂ ಒಂದೇ ಗಾತ್ರದವು, ಬಹು ಸಣ್ಣವು. ಸಾಗಿಸುವ ಸರಕು 64 ಬೈಟ್ ಇರಲೆಂದು ಅಮೆರಿಕದವರೂ 32 ಸಾಕೆಂದು ಯೂರೋಪಿನವರೂ ಹಟ ಹಿಡಿದು, ಕಡೆಗೆ ಪಂಚಾಯಿತಿಯವರು ಮಾಡುವಂತೆ ನಡುವಣ 48ಕ್ಕೆ ಒಪ್ಪಿದರು.

ಇಡೀ ಇಂಟರ್‌ನೆಟ್ಟಿಗೇ ಇಂಥ ಮೀಸಲಾತಿ ಬರಲೆಂದು 1994ರಲ್ಲಿ ಯೋಜನೆಯೂ 1997ರಲ್ಲಿ ಅದರ ನಿಯಮಾವಳಿಯೂ ಹೊರಬಂದುವು. ಆದರೆ ಒಂದು ಮಾತುಕತೆ ಹಾದುಹೋಗುವ ಜಾಲಗಳಿಗೆ ಒಡೆಯರು ಹಲವರು. ಅವರೆಲ್ಲರ ರೂಟರುಗಳೂ ಲಕ್ಷಾಂತರ ಕರಾರುಗಳನ್ನು ನೆನಪಿಡಬೇಕು. ಹಣದ ಲೆಕ್ಕ ಹಂಚಿಕೊಳ್ಳಬೇಕು. ಅದು ನಡೆಯಲಿಲ್ಲ. 1998ರಲ್ಲಿ ಸುಲಭದ ಹಾದಿ ಹಿಡಿದರು: ಒಬ್ಬೊಬ್ಬರ ಕರಾರನ್ನು ಬಿಟ್ಟು, ಆರ್ಡಿನರಿ, ಅರ್ಜೆಂಟ್ ಎಂಬಂತೆ ಪ್ಯಾಕೆಟ್ಟಿನ ಮೇಲೆ ದರ್ಜೆಯ ಗುರುತು ಹಾಕುವುದು. ಒಬ್ಬನೇ ಒಡೆಯನ ಜಾಲದೊಳಗೆ ಈ ಗುರುತಿಗೆ ಬೆಲೆ ಉಂಟು. ಗಡಿ ದಾಟಿದ ಮೇಲೆ ನೆರೆಯವನು ಮನ್ನಿಸಿದರೆ ಮಾತ್ರ ಉಂಟು.

ಈ ಹಾದಿಯಲ್ಲಿ ನಡೆದ ಮೊದಲ ದೊಡ್ಡ ಪರೀಕ್ಷೆಗಳಲ್ಲೊಂದು ಕೆನಡಾದಲ್ಲಿ ಆಯಿತು. 2003ರ ಫೆಬ್ರವರಿಯಿಂದ ಹ್ಯಾಮಿಲ್ಟನ್ನಿನ ಡಾಕ್ಟರ್ ಮೆಹ್ರಾನ್ ಅನ್ವರಿ ಅವರು 400 ಕಿಲೋಮೀಟರು ಉತ್ತರದ ನಾರ್ತ್ ಬೇ ಎಂಬ ಊರಿನ ಆಸ್ಪತ್ರೆಯಲ್ಲಿದ್ದ ಯಂತ್ರದ ತೋಳುಗಳನ್ನು ತಮ್ಮ ಊರಿನಿಂದಲೇ ಆಡಿಸತೊಡಗಿದರು. ಇಲ್ಲಿ ಇದ್ದದ್ದು ದೂರವಾಣಿ ಕಂಪನಿ ಗಿರಾಕಿಗಳಿಗೆ ಮಾರುತ್ತಿದ್ದ ಜಾಲವೇ. ಶಸ್ತ್ರಕ್ರಿಯೆಯ ಪ್ಯಾಕೆಟ್ಟುಗಳಿಗೆ ಮಾತ್ರ ಅದರಲ್ಲಿ ಅಗ್ರಸ್ಥಾನ. ತಡ 135ರಿಂದ 140 ಮಿಲಿಸೆಕೆಂಡು. ಕೈಗೆ ಅದು ತಿಳಿಯುತ್ತಿತ್ತು, ಆದರೆ ಕೈ ಹೊಂದಿಕೊಂಡಿತು. ಎಲ್ಲಾದರೂ ತಂತಿ ಕೈಕೊಟ್ಟರೆ ಎಂದು ರೋಗಿಯ ಬಳಿ ಊರಿನ ಶಸ್ತ್ರವೈದ್ಯರು ಸಿದ್ಧರಾಗಿ ನಿಂತಿರುತ್ತಿದ್ದರು. ಹೀಗೆ ಇಪ್ಪತ್ತೊಂದು ಶಸ್ತ್ರಕ್ರಿಯೆಗಳು ನಡೆದುವು. ಅವುಗಳಲ್ಲಿ ಎರಡು, ಯಾವ ಊರಿನ ಆಸ್ಪತ್ರೆಯಲ್ಲೂ ನಡೆಯುವಂಥ ಹರ್ನಿಯಾದ ಶಸ್ತ್ರಕ್ರಿಯೆಗಳು.