ದೊಡ್ಡ ಮನೆಗೆ ಬಂದ ನೆಂಟರು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ಕಟ್ಟಿದ ಮನೆಯನ್ನು ನಾಲ್ಕು ತಲೆಮಾರುಗಳ ಬಳಿಕ ಉಳಿಸಿ ನೋಡು ಎಂದು ಅವರು ಹೇಳಲಿಲ್ಲ. ಮನೆಯೆಂದ ಮೇಲೆ ಅದರ ತುಂಬ ಜನ ಇದ್ದೇ ಇರುತ್ತಾರೆಂಬುದು ಅವರ ನಂಬಿಕೆಯಾಗಿತ್ತು. ಇಂದು ಕಾಸರಗೋಡು, ಮಂಜೇಶ್ವರ ತಾಲೂಕುಗಳ ಒಳನಾಡಿನಲ್ಲಿ ನಾಲ್ಕು ಮೈಲು ನಡೆದರೆ ಆ ನಂಬಿಕೆ ಹುಸಿಯಾದುದು ಕಾಣುತ್ತದೆ. ಅಡಿಕೆ ತೋಟದ ಅಂಚಿನಲ್ಲಿ ವಿಶಾಲವಾದ ಅಂಗಳ, ಎತ್ತರದ ಜಗಲಿ, ಕೆತ್ತನೆಯ ಕಂಬಗಳ ಚಾವಡಿ. ಆದರೆ ಬಾಗಿಲಿಗೆ ಬೀಗ. ಒಂದು ಮೂಲೆಯಲ್ಲಿ ವೃದ್ಧ ದಂಪತಿ ಇದ್ದರೆ ಅದೇ ದೊಡ್ಡದು.

ಈಚೆಗೆ ಕೆಲವು ವರ್ಷಗಳಿಂದ ಇಂತಹ ಮನೆಗಳಲ್ಲಿ ಕೆಲವು ಹೊಸ ರೀತಿಯಲ್ಲಿ ತೆರೆದುಕೊಳ್ಳುತ್ತಿವೆ. ಪಟ್ಟಣದಿಂದ ಇಪ್ಪತ್ತು, ಇಪ್ಪತ್ತೈದು ಮಂದಿಯ ತಂಡ ಬಂದು ಇಡೀ ಮನೆಯನ್ನೇ ಎರಡು ಮೂರು ದಿನಗಳ ಮಟ್ಟಿಗೆ ಹಿಡಿಯುತ್ತದೆ. ಒಂದೇ ಕಚೇರಿಯವರು, ಹಳೆಯ ಸಹಪಾಠಿಗಳು, ಅಕ್ಕತಂಗಿಯರ ಸಂಸಾರಗಳು ಹೀಗೆ ಕೂಡಿ ಬರುತ್ತಾರೆ. ಜೊತೆಯಲ್ಲಿ ಉಂಡು, ತೋಟ ಸುತ್ತಿ, ಹೊಳೆಯಲ್ಲಿ ಮಿಂದು ಮರಳುತ್ತಾರೆ. ‘ತರವಾಡು ಮನೆಯನ್ನು ಹೋಟೆಲು ಮಾಡುವುದೇ?’ ಎಂದು ಹಿರಿಯರು ಸಿಡಿಮಿಡಿಗೊಳ್ಳುತ್ತಾರೆ. ‘ಬೀಳುವ ಮನೆಯನ್ನು ನೋಡುತ್ತ ಕೂರಬೇಕೇ?’ ಎಂದು ಕಿರಿಯರು ಕೇಳುತ್ತಾರೆ. ಎರಡು ಪ್ರಶ್ನೆಗಳಲ್ಲೂ ಸತ್ಯವಿದೆ. ಆದುದರಿಂದಲೇ ಈ ವಿಷಯವನ್ನು ನಮ್ಮ ಓದುಗರ ಮುಂದಿಡುತ್ತಿದ್ದೇವೆ.

ಮನೆ ಬರಿದಾದುದು ಹೇಗೆ?

ಈ ಮನೆಗಳನ್ನು ಕಟ್ಟಿದವರು ನಾಲ್ಕು ಜನರ ಸಂಸಾರವನ್ನು ಮನಸ್ಸಿನಲ್ಲಿಟ್ಟು ಕಟ್ಟಿದವರಲ್ಲ. ಚಾವಡಿ ಪಂಚಾಯ್ತಿಕೆಗೆ, ಮಳೆಗಾಲದ ತಾಳಮದ್ದಳೆಗೆ. ಅಂಗಳ ಭತ್ತ ಬಡಿಯುವುದಕ್ಕೆ, ಅಡಿಕೆ ಒಣಗಿಸುವುದಕ್ಕೆ, ಚಪ್ಪರದ ಮದುವೆಗೆ. ಪತ್ತಾಯ ವರ್ಷದ ಕಾಳಿಗೆ. ಅಡುಗೆ ಕೋಣೆಯ ಸಾಲು ಒಲೆಗಳು ನೂರು ಎಲೆಯ ಊಟಕ್ಕೆ. ಮುರಕಲ್ಲಿನ ಇಲ್ಲವೆ ಮಣ್ಣಿನ ದಪ್ಪ ಗೋಡೆ, ಹಲಸಿನ ಹಾಗೂ ಕಿರಾಲುಬೋಗಿಯ ಮರಮಟ್ಟು, ಮೇಲೆ ಮಂಗಳೂರು ಹಂಚು. ಗುಂಪು ಕೂಡುವುದಕ್ಕೆಂದೇ ಆದ ಮನೆ ಇದು.

ಗುಂಪು ಚದರಿದ ಕಾರಣಗಳು ಹಲವು. ಕೇರಳ ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1970ರ ಜನವರಿ 1ರಂದು ಜಾರಿಗೆ ಬಂದಾಗ ಒಕ್ಕಲಿದ್ದವರು ಭೂಮಿಯ ಒಡೆಯರಾದರು. ಅದು ನ್ಯಾಯವೇ ಆಗಿತ್ತು. ಆದರೆ ಗೇಣಿಯ ಅಕ್ಕಿಮುಡಿಗಳಿಂದ ತುಂಬುತ್ತಿದ್ದ ದೊಡ್ಡ ಮನೆಯ ಪತ್ತಾಯ ಬರಿದಾಯಿತು. 1976ರ ಡಿಸೆಂಬರ್ 1ರಿಂದ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯೇ ಕೇರಳದಲ್ಲಿ ಕಾನೂನು ಪ್ರಕಾರ ಕೊನೆಗೊಂಡಿತು. ಅಳಿಯಸಂತಾನವಿರಲಿ, ಮಕ್ಕಳಸಂತಾನವಿರಲಿ, ಕುಟುಂಬದವರೆಲ್ಲ ಬೇರೆ ಬೇರೆ ಪಾಲುದಾರರಾದರು. ಗದ್ದೆಯನ್ನು ಅಳೆದು ಹಂಚಬಹುದು; ಚಾವಡಿಯನ್ನು ಹಂಚುವುದು ಹೇಗೆ? ಮನೆ ಎಲ್ಲರದಾಯಿತು, ಎಂದರೆ ಯಾರದೂ ಆಗಲಿಲ್ಲ. ಮಕ್ಕಳು ಮಂಗಳೂರಿಗೆ, ಬೆಂಗಳೂರಿಗೆ, ಕೊಲ್ಲಿ ನಾಡುಗಳಿಗೆ ಹೊರಟರು.

ಜನರಿಲ್ಲದ ಮನೆ ಜನರಿರುವ ಮನೆಗಿಂತ ಬೇಗ ಕೆಡುತ್ತದೆ. ದಿನವೂ ಒಲೆ ಉರಿದರೆ ಹೊಗೆ ಮಾಡಿಗೆ ಏರಿ ಪಕ್ಕಾಸು, ರೀಪುಗಳನ್ನು ಒಣಗಿಸುತ್ತದೆ, ಹುಳುವನ್ನು ದೂರವಿಡುತ್ತದೆ. ಒಲೆ ಆರಿತೆಂದರೆ ತೇವ, ಒರಲೆ ಎರಡೂ ಒಟ್ಟಿಗೇ ಒಳಗೆ ಬರುತ್ತವೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ನಾಡು ನಮ್ಮದು. ಒಂದು ಹಂಚು ಒಡೆದುದನ್ನು ಯಾರೂ ನೋಡದಿದ್ದರೆ ಎರಡು ಮಳೆಗಾಲಗಳಲ್ಲಿ ತೊಲೆಯೇ ಕುಂಬಾಗುತ್ತದೆ.

ಆಮೇಲೆ ಬರುವವರು ಹಳೆಯ ಮರದ ವ್ಯಾಪಾರಿಗಳು. ಕಂಬ, ತೊಲೆ, ಬಾಗಿಲು, ಮುಚ್ಚಿಗೆಗಳಿಗೆ ಒಂದೊಂದಾಗಿ ಬೆಲೆ ಕಟ್ಟುತ್ತಾರೆ. ಹೀಗೆ ಬಿಚ್ಚಿದ ಮನೆಗಳು ಎಲ್ಲೋ ದೂರದ ವಿಹಾರಧಾಮಗಳಲ್ಲಿ ಮತ್ತೆ ನಿಂತುದುಂಟು. ನಮ್ಮ ಹಿರಿಯರ ಕಂಬಕ್ಕೆ ಒರಗಿ ಪ್ರವಾಸಿಗಳು ಕಾಫಿ ಕುಡಿಯುತ್ತಾರೆ. ಆ ಕಂಬ ಯಾವ ಊರಿನದು ಎಂದು ಹೇಳುವವರು ಅಲ್ಲಿಲ್ಲ. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ‘ಗಿಳಿವಿಂಡು’ ಎಂಬ ಹೆಸರಿನಲ್ಲಿ ಸ್ಮಾರಕವಾಗಿ ಉಳಿಯಿತು. ಎಲ್ಲ ಮನೆಗಳಿಗೂ ಕವಿಯ ಭಾಗ್ಯವಿರುವುದಿಲ್ಲ. ಉಳಿದವು ತಮ್ಮ ಅನ್ನವನ್ನು ತಾವೇ ಸಂಪಾದಿಸಿಕೊಳ್ಳಬೇಕಾಗಿದೆ.

ಒಂದು ಮನೆಯಲ್ಲಿ ಎರಡು ರಾತ್ರಿ

ಕಳೆದ ಡಿಸೆಂಬರ್ ರಜೆಯಲ್ಲಿ ನಾವು ಕೆಲವು ಅಧ್ಯಾಪಕರು ಮನೆಮಂದಿಯೊಂದಿಗೆ, ಮಕ್ಕಳೂ ಸೇರಿ ಹದಿನೆಂಟು ಜನ, ಒಳನಾಡಿನ ಇಂತಹ ಒಂದು ಮನೆಯಲ್ಲಿ ಎರಡು ರಾತ್ರಿ ತಂಗಿದೆವು. ಮನೆಯವರ ಇಚ್ಛೆಯಂತೆ ಹೆಸರು ಬರೆಯುವುದಿಲ್ಲ. ಐದು ಕವಲುಗಳ ಪಾಲಿರುವ ಮನೆ. ಹಿರಿಯ ಕವಲಿನ ದೊಡ್ಡಮ್ಮನೂ ಅವರ ಮಗ ಸೊಸೆಯರೂ ಪಶ್ಚಿಮದ ಭಾಗದಲ್ಲಿ ವಾಸವಾಗಿದ್ದಾರೆ. ಉಳಿದ ಭಾಗವನ್ನು ದುರಸ್ತಿಮಾಡಿ ತಂಡಗಳಿಗೆ ಕೊಡುತ್ತಾರೆ. ಮಂಚಗಳು ಸಾಲದಾದಾಗ ಅಟ್ಟದಲ್ಲಿ ಸಾಲಾಗಿ ಚಾಪೆ, ಹಾಸಿಗೆ. ಮಕ್ಕಳಿಗಂತೂ ಅದೇ ಸ್ವರ್ಗ.

ಊಟದ ವಿಚಾರದಲ್ಲಿ ಆಡಂಬರವಿಲ್ಲ. ಕುಚ್ಚಲಕ್ಕಿಯ ಗಂಜಿ, ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ಮಜ್ಜಿಗೆ ಹುಳಿ. ಬೆಳಿಗ್ಗೆ ತೆಳ್ಳವು, ಬೆಲ್ಲ, ತೆಂಗಿನತುರಿ. ಬಡಿಸುವವರು ನೆರೆಮನೆಯ ಇಬ್ಬರು ಹೆಂಗಸರು. ಮೊದಲು ಬೀಡಿ ಕಟ್ಟುತ್ತಿದ್ದವರು ಈಗ ತಂಡ ಬಂದ ದಿನಗಳಲ್ಲಿ ಇಲ್ಲಿ ಕೆಲಸಕ್ಕೆ ಬರುತ್ತಾರೆ.

ದೊಡ್ಡಮ್ಮ ಜಗಲಿಯಲ್ಲಿ ಕುಳಿತು ಹೇಳಿದರು: “ಮಾಷ್ಟ್ರೇ, ಮರದ ವ್ಯಾಪಾರದವರು ಬಂದು ಈ ಕಂಬಗಳನ್ನು ತಟ್ಟಿ ತಟ್ಟಿ ನೋಡಿದ್ದರು. ದನ ಕೊಳ್ಳುವವರು ಬೆನ್ನು ತಟ್ಟಿ ನೋಡುವುದಿಲ್ಲವೇ, ಹಾಗೆ. ನನಗೆ ಆ ದಿನ ಅನ್ನ ಇಳಿಯಲಿಲ್ಲ. ಈಗ ಬರುವವರು ಹೋಗುವವರು ಇದ್ದಾರೆ, ಒಲೆ ಉರಿಯುತ್ತದೆ. ನನಗೆ ಅಷ್ಟು ಸಾಕು.”

ಮಗ ಲೆಕ್ಕದ ಮನುಷ್ಯ. “ಮಾಡು ಇಳಿಸಿ ಹಂಚು ತಿರುವುವ ಖರ್ಚಿಗೆ ಮೊದಲು ಐದು ಮನೆಗಳಿಗೆ ಫೋನು ಮಾಡಬೇಕಿತ್ತು. ಈಗ ಮನೆಯ ಖರ್ಚು ಮನೆಯೇ ನೋಡಿಕೊಳ್ಳುತ್ತದೆ” ಎಂದರು. ಆದರೆ ಅವರೇ ಇನ್ನೊಂದು ಸಂಗತಿಯನ್ನೂ ಹೇಳಿದರು. ಹಿಂದಿನ ವರ್ಷ ಕುಟುಂಬದ ದೈವಗಳ ತಂಬಿಲದ ದಿನ ನಿಶ್ಚಯವಾಗುವ ಮೊದಲೇ ಅದೇ ದಿನಗಳಿಗೆ ಪಟ್ಟಣದ ಒಂದು ತಂಡಕ್ಕೆ ಮಾತು ಕೊಟ್ಟಾಗಿತ್ತು, ಮುಂಗಡವೂ ಬಂದಿತ್ತು. ತಂಬಿಲಕ್ಕೆಂದು ದೂರದಿಂದ ಬಂದ ಆ ಮನೆಯ ಮಗಳು, ಅಳಿಯ, ಮೊಮ್ಮಕ್ಕಳು ರಾತ್ರಿ ಮಲಗಿದ್ದು ಪೇಟೆಯ ಲಾಡ್ಜಿನಲ್ಲಿ. “ಅವಳು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು” ಎಂದರು. ಅಂದಿನಿಂದ ಅವರು ವರ್ಷಾರಂಭದಲ್ಲೇ ಐದು ಕವಲುಗಳವರನ್ನು ಕೇಳಿ ಪಂಚಾಂಗದಲ್ಲಿ ಗುರುತು ಹಾಕುತ್ತಾರೆ: ತಂಬಿಲಕ್ಕೆ, ನಾಗಪೂಜೆಗೆ, ಹೊಸ ಅಕ್ಕಿ ಊಟಕ್ಕೆ, ಹಿರಿಯರ ತಿಥಿಗೆ. ಆ ದಿನಗಳಲ್ಲಿ ಎಷ್ಟು ಹಣ ಕೊಟ್ಟರೂ ಹೊರಗಿನವರಿಗೆ ಮನೆಯಿಲ್ಲ.

ನಮ್ಮ ಮಟ್ಟಿಗೆ ಈ ಪಂಚಾಂಗದ ಗುರುತೇ ಇಡೀ ವಿಷಯದ ತಿರುಳು. ಬಾಡಿಗೆ ಕೊಡುವುದು ತಪ್ಪಲ್ಲ. ಮನೆಯ ಮಕ್ಕಳು ತಮ್ಮ ಮನೆಯಲ್ಲೇ ಸರದಿ ಕಾಯುವಂತಾದರೆ ಅದು ತಪ್ಪು. ಮಾಡು ಉಳಿದು ಮನೆತನ ಹೊರಗಾದರೆ ಮರದ ವ್ಯಾಪಾರಿ ಮಾಡುವುದಕ್ಕೂ ನಾವು ಮಾಡುವುದಕ್ಕೂ ಏನು ವ್ಯತ್ಯಾಸ?

ನೀರು ಮತ್ತು ನೆರೆಹೊರೆ

ಇನ್ನು ವ್ಯವಹಾರದ ಮಾತು. ತಂಡಗಳಿಗೆ ಮನೆ ತೆರೆಯುವವರು ಮೊದಲು ನೋಡಬೇಕಾದದ್ದು ಮಂಚವನ್ನಲ್ಲ, ನೀರನ್ನು. ಹಳ್ಳಿಯ ಮನೆಗಳಿಗೆ ಜಲಜೀವನ ಯೋಜನೆಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಎಂಬ ಲೆಕ್ಕವಿದೆ. ಪಟ್ಟಣದ ಲೆಕ್ಕ 135 ಲೀಟರ್. ಬರುವವರು ಪಟ್ಟಣದ ಅಭ್ಯಾಸದವರು. 25 ಮಂದಿ ಬಂದರೆ ದಿನಕ್ಕೆ 3,375 ಲೀಟರ್ ಬೇಕು. ಡಿಸೆಂಬರಿನಲ್ಲಿ ಇದು ದೊಡ್ಡ ಮಾತಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ, ಶಾಲೆಗಳಿಗೆ ರಜೆ ಇದ್ದು ತಂಡಗಳು ಹೆಚ್ಚಾಗಿ ಬರುವ ಹೊತ್ತಿಗೇ, ಬಾವಿಗಳು ತಳ ಕಾಣುತ್ತವೆ.

ನಾವು ತಂಗಿದ ಮನೆಗೆ ನೀರು ಬರುವುದು ಸುರಂಗದಿಂದ. ಬಾಯಾರು, ಎಣ್ಮಕಜೆ ಕಡೆಯ ಓದುಗರಿಗೆ ಸುರಂಗವನ್ನು ವಿವರಿಸಬೇಕಾಗಿಲ್ಲ. ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು, ಒಬ್ಬ ಮನುಷ್ಯ ಬಾಗಿ ನಡೆಯುವಷ್ಟು ಅಗಲದಲ್ಲಿ ಒರತೆ ಸಿಗುವವರೆಗೆ ಹೋಗುವುದು. ನೀರು ತಾನಾಗಿಯೇ ಹರಿದು ಹೊರಗಿನ ಕೆರೆಗೆ ಬೀಳುತ್ತದೆ. ಪಂಪು ಬೇಡ, ವಿದ್ಯುತ್ತು ಬೇಡ. ಆದರೆ ಅದು ಕೊಡುವಷ್ಟೇ ಕೊಡುತ್ತದೆ, ಅವಸರಪಡಿಸಿದರೆ ಹೆಚ್ಚು ಕೊಡುವುದಿಲ್ಲ. ತಂಡಗಳಿಗಾಗಿ ಪಕ್ಕದಲ್ಲೇ ಆಳದ ಕೊಳವೆ ಬಾವಿ ಕೊರೆಸಿದರೆ ಸುರಂಗವೂ ನೆರೆಯವರ ಬಾವಿಯೂ ಬತ್ತುವ ಭಯವಿದೆ. ಈ ಮನೆಯವರು ಬೇಸಗೆಯಲ್ಲಿ ಹನ್ನೆರಡು ಮಂದಿಗಿಂತ ಹೆಚ್ಚಿನ ತಂಡವನ್ನು ಒಪ್ಪುವುದಿಲ್ಲ. ಇದು ಅನುಸರಿಸಬೇಕಾದ ಕ್ರಮ.

ನೀರಿನ ಬಳಿಕ ಗಲಾಟೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದು, ನಾಗಬನದ ಬಳಿ ಚಪ್ಪಲಿ ಕೂಡದು, ದೈವದ ಕೋಣೆಯತ್ತ ಕುಡಿತ ಕೂಡದು. ಇದನ್ನು ಬಂದ ಮೇಲೆ ಹೇಳುವುದಲ್ಲ, ಮುಂಗಡ ಪಡೆಯುವ ಮೊದಲೇ ಹೇಳಬೇಕು. ಪ್ಲಾಸ್ಟಿಕ್ ಬಾಟಲಿಗಳನ್ನು ತಂದವರೇ ಒಯ್ಯಬೇಕು. ನೆರೆಹೊರೆಯವರು ಒಪ್ಪದ ಮನೆಗೆ ಎಷ್ಟು ಅತಿಥಿಗಳು ಬಂದರೂ ಶೋಭೆಯಿಲ್ಲ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳುತ್ತೇವೆ. ಕೇರಳ ಪ್ರವಾಸೋದ್ಯಮ ಇಲಾಖೆಯ ವರ್ಗೀಕರಣದಲ್ಲಿ ‘ಹೋಮ್‌ಸ್ಟೇ’ ಎನಿಸಬೇಕಾದರೆ ಮನೆಯವರು ಅಲ್ಲೇ ವಾಸವಿರಬೇಕು, ಬಾಡಿಗೆಯ ಕೋಣೆಗಳು ಆರನ್ನು ಮೀರಬಾರದು. ವಾಸವಿಲ್ಲದೆ ಇಡೀ ಮನೆಯನ್ನು ಕೊಡುವುದು ಬೇರೆಯೇ ವ್ಯವಹಾರ. ಅದಕ್ಕೆ ಏನೇನು ಪರವಾನಿಗೆ ಬೇಕೆಂದು ಪಂಚಾಯತಿನಲ್ಲಿ ಕೇಳಿಯೇ ಮುಂದುವರಿಯಬೇಕು. ವಿದೇಶೀಯರು ತಂಗಿದರೆ 24 ಗಂಟೆಗಳೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪಾಲುದಾರರೆಲ್ಲರ ಸಹಿ ಇರುವ ಒಂದು ಕರಾರುಪತ್ರ ಇರಲಿ. ದುರಸ್ತಿಗೆ ಎಷ್ಟು, ದೈವಕಾರ್ಯಕ್ಕೆ ಎಷ್ಟು, ಪಾಲಿಗೆ ಎಷ್ಟು ಎಂಬುದು ಬರವಣಿಗೆಯಲ್ಲಿರಲಿ. ಬಾಯಿ ಮಾತಿನಲ್ಲಿ ನಡೆದ ಮನೆಗಳು ಕೋರ್ಟಿನ ಮೆಟ್ಟಲು ಹತ್ತಿದ ಕಥೆ ನಮ್ಮ ಊರುಗಳಲ್ಲಿ ಎಷ್ಟಿಲ್ಲ?

ಚಾವಡಿಯ ಭಾಷೆ

ಬೇಕಲವನ್ನು ಕೇಂದ್ರ ಸರಕಾರ ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿದ್ದು 1992ರಲ್ಲಿ. ಅದಕ್ಕಾಗಿ ರಾಜ್ಯ ಸರಕಾರ ನಿಗಮ ರಚಿಸಿದ್ದು 1995ರಲ್ಲಿ. ಪ್ರವಾಸಿ ಮೊದಲು ಕಡಲ ತಡಿಗೆ ಬಂದ. ಈಗ ಒಳನಾಡಿನ ನಮ್ಮ ಅಂಗಳಕ್ಕೂ ಬರುತ್ತಿದ್ದಾನೆ. ಅವನಿಗೆ ನಾವು ತೋರಿಸುವುದೇನು?

ನಮ್ಮ ತಂಡದ ಒಬ್ಬಳು ಹುಡುಗಿ, ಆರನೆಯ ತರಗತಿಯವಳು, ಪತ್ತಾಯವನ್ನು ಕಂಡು ಇದೇನೆಂದು ಕೇಳಿದಳು. ಆ ಮನೆಯ ಮೊಮ್ಮಗನಿಗೂ ಅದರ ಹೆಸರು ಗೊತ್ತಿರಲಿಲ್ಲ. ಅವನು ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ. ದೊಡ್ಡಮ್ಮ ಎದ್ದು ಬಂದು ಮುಚ್ಚಳ ತೆರೆದು ತೋರಿಸಿದರು. ಮರುದಿನ ಬೆಳಿಗ್ಗೆ ಇಬ್ಬರು ಮಕ್ಕಳಿಗೂ ಗದ್ದೆಯ ಬದುವಿನ ಮೇಲೆ ನಿಂತು ಬೈಲು, ಮಜಲು, ಬೆಟ್ಟು ಎಂದರೆ ಯಾವುದು ಎಂದು ಹೇಳಿಕೊಟ್ಟರು. ತಗ್ಗಿನದು ಬೈಲು, ನಡುವಿನದು ಮಜಲು, ಮೇಲಿನದು ಬೆಟ್ಟು. ಪಾಠಪುಸ್ತಕದಲ್ಲಿ ನಾವು ಒಂದು ವಾರ ಹೇಳಿದರೂ ನಿಲ್ಲದ ಮಾತುಗಳು ಅಲ್ಲಿ ಹತ್ತು ನಿಮಿಷದಲ್ಲಿ ನಿಂತವು.

ರಾತ್ರಿ ನಮ್ಮಲ್ಲಿದ್ದ ಹವ್ಯಾಸಿ ಭಾಗವತರೊಬ್ಬರು ಪಾರ್ತಿಸುಬ್ಬನ ‘ಪಂಚವಟಿ’ಯ ಪದ ಎತ್ತಿದರು. ಇಬ್ಬರು ಅರ್ಥಕ್ಕೆ ಕುಳಿತರು. ಮದ್ದಳೆಯ ಸದ್ದಿಗೆ ಆಚೆಗುಡ್ಡೆಯ ಮನೆಗಳಿಂದ ಟಾರ್ಚು ಹಿಡಿದು ಜನ ಬಂದರು. ಅವರಲ್ಲಿ ಮನೆಯಲ್ಲಿ ತುಳು ಆಡುವವರು, ಹವ್ಯಕ ಆಡುವವರು, ಮರಾಠಿ ಆಡುವವರು, ಮಲೆಯಾಳ ಆಡುವವರು ಎಲ್ಲರೂ ಇದ್ದರು. ಚಾವಡಿಯಲ್ಲಿ ಮಾತ್ರ ಕನ್ನಡದ ಅರ್ಥ. “ಇಲ್ಲಿ ಅರ್ಥ ಕೇಳದೆ ಮೂವತ್ತು ವರ್ಷ ಆಗಿತ್ತು” ಎಂದರು ದೊಡ್ಡಮ್ಮ.

ಇದನ್ನು ಕೇಳಿದ ಮೇಲೆ ಮೂರು ಸೂಚನೆಗಳನ್ನು ಮುಂದಿಡದೆ ಇರಲಾರೆವು. ಒಂದು, ಮನೆಯ ಹೆಸರನ್ನು ಬದಲಿಸಬೇಡಿ. ಮನೆತನದ ಹೆಸರನ್ನು ಬಿಟ್ಟು ‘ಗ್ರೀನ್’, ‘ವ್ಯಾಲಿ’ ಎಂದು ಫಲಕ ಹಾಕುವ ಚಾಳಿ ಸಲ್ಲದು. ಫಲಕದಲ್ಲಿ ಕನ್ನಡವಿರಲಿ, ಮಲೆಯಾಳವಿರಲಿ, ಇಂಗ್ಲಿಷೂ ಇರಲಿ. ಹೆಸರು ಮಾತ್ರ ಹಳೆಯದೇ ಇರಲಿ. ಎರಡು, ಕುಟುಂಬದ ದಿನಗಳನ್ನು ಮೊದಲು ಗುರುತಿಸಿ, ಉಳಿದವನ್ನು ಮಾರಿರಿ. ಮೂರು, ಮಳೆಗಾಲದಲ್ಲಿ ತಂಡಗಳು ವಿರಳ. ಜುಲೈ, ಆಗಸ್ಟಿನ ಒಂದು ಶನಿವಾರ ಭಾನುವಾರ ಸಮೀಪದ ಕನ್ನಡ ಶಾಲೆಯ ಮಕ್ಕಳಿಗೆ ಮನೆ ತೆರೆಯಿರಿ. ಗಂಜಿಯ ಖರ್ಚನ್ನು ಶಿಕ್ಷಕ ರಕ್ಷಕ ಸಂಘದವರು ನೋಡಿಕೊಳ್ಳಬಹುದು. ತಾಳಮದ್ದಳೆಗೆ ಮಳೆಗಿಂತ ಒಳ್ಳೆಯ ಕಾಲವೂ ಇಲ್ಲ.

ಗಡಿನಾಡಿನಲ್ಲಿ ನಮ್ಮ ಭಾಷೆ ಶಾಲೆಯಲ್ಲೂ ಕಚೇರಿಯಲ್ಲೂ ಉಳಿಯಬೇಕೆಂದು ನಾವು ಅರ್ಜಿ ಕೊಡುತ್ತ ಬಂದಿದ್ದೇವೆ. ಕೊಡಲೇಬೇಕು. ಆದರೆ ನಮ್ಮ ಚಾವಡಿಯಲ್ಲಿ ಅದು ಉಳಿಯುವುದಕ್ಕೆ ಯಾವ ಸರಕಾರದ ಆಜ್ಞೆಯೂ ಬೇಕಾಗಿಲ್ಲ. ಬೀಗ ತೆಗೆದು ಒಲೆ ಹೊತ್ತಿಸಿದರೆ ಸಾಕು. ನೆಂಟರು ಬರಲಿ, ಬಾಡಿಗೆಯನ್ನೂ ಕೊಡಲಿ. ಅವರು ಬಂದಾಗ ಬಾಗಿಲಲ್ಲಿ ನಿಂತು ‘ಬನ್ನಿ, ಬಾಯಾರಿಕೆಗೆ ಬೆಲ್ಲ ನೀರು ಕುಡಿಯಿರಿ’ ಎನ್ನಲು ಮನೆಯವರು ಯಾರಾದರೂ ಇರಲಿ.