ಕೈಸರ್ ನ್ಯೂಟ್

ಕೈಸರ್ ನ್ಯೂಟ್ (ವೈಜ್ಞಾನಿಕ ಹೆಸರು: ನ್ಯೂರರ್ಗಸ್ ಕೈಸರಿ) ಸಾಲಮಾಂಡರ್ ಕುಟುಂಬಕ್ಕೆ ಸೇರಿದ ಉಭಯವಾಸಿ ಪ್ರಾಣಿ. ಇರಾನಿನ ದಕ್ಷಿಣ ಜಾಗ್ರೋಸ್ ಪರ್ವತಗಳಲ್ಲಿ, ಲೊರೆಸ್ತಾನ್ ಮತ್ತು ಖುಜೆಸ್ತಾನ್ ಪ್ರಾಂತ್ಯಗಳ ತೊರೆ ಹಾಗೂ ಚಿಲುಮೆಗಳ ಆಸುಪಾಸಿನಲ್ಲಿ ಮಾತ್ರ ಇದರ ವಾಸ. ಕಾರ್ಲ್ ಪಿ. ಸ್ಮಿಟ್ ಅವರು 1952ರಲ್ಲಿ ಇದನ್ನು ಮೊದಲು ವರ್ಣಿಸಿದರು.

ಅಪಾಯಗಳು

ಕಪ್ಪು ಬಿಳುಪು ಮೈಮೇಲೆ ಬೆನ್ನುದ್ದಕ್ಕೂ ಹರಿದ ಕಿತ್ತಳೆ ಪಟ್ಟೆ ಈ ಪ್ರಾಣಿಗೆ ವಿಶಿಷ್ಟ ಸೌಂದರ್ಯವನ್ನು ನೀಡಿದೆ. ಆ ಸೌಂದರ್ಯವೇ ಅದಕ್ಕೆ ಮುಳುವಾಯಿತು. ಸಾಕುಪ್ರಾಣಿ ವ್ಯಾಪಾರಕ್ಕಾಗಿ ಕಾಡಿನಿಂದ ಹಿಡಿದ ನ್ಯೂಟ್‌ಗಳು ಅಂತರಜಾಲದ ಮೂಲಕ ಹೊರದೇಶಗಳಲ್ಲಿ ಮಾರಾಟವಾದವು. ಇದು ನೀರಿನಲ್ಲಿಯೇ ಮೊಟ್ಟೆಯಿಡುವುದರಿಂದ ಬರಗಾಲವೂ ತೊರೆಗಳ ನೀರನ್ನು ಬೇರೆಡೆಗೆ ತಿರುಗಿಸುವುದೂ ಸಂತಾನಾಭಿವೃದ್ಧಿಗೆ ಅಡ್ಡಿಯಾಗುತ್ತವೆ. ನೆಲೆಗಳು ಪರಸ್ಪರ ದೂರವಿರುವುದರಿಂದ, ಒಂದು ತೊರೆಯಲ್ಲಿ ನಶಿಸಿದ ಸಂತತಿಯ ಜಾಗವನ್ನು ಮತ್ತೊಂದು ತೊರೆಯವು ತುಂಬುವುದು ಕಷ್ಟ.

ಸಂರಕ್ಷಣೆ

ಇರಾನಿನ ಪ್ರಸ್ತಾವದಂತೆ 2010ರಲ್ಲಿ ಈ ಪ್ರಭೇದವನ್ನು ಸೈಟ್ಸ್ ಒಪ್ಪಂದದ ಒಂದನೆಯ ಅನುಬಂಧಕ್ಕೆ ಸೇರಿಸಲಾಯಿತು. ಇದರಿಂದ ಕಾಡಿನಲ್ಲಿ ಹಿಡಿದ ನ್ಯೂಟ್‌ಗಳ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರ ನಿಷಿದ್ಧವಾಯಿತು. ಕೆಲವು ಮೃಗಾಲಯಗಳಲ್ಲಿ ಇದರ ಸಂತಾನಾಭಿವೃದ್ಧಿಯೂ ನಡೆದಿದೆ.

ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಹಿಂದೆ 'ತೀವ್ರ ಅಳಿವಿನಂಚಿನಲ್ಲಿರುವ' ವರ್ಗದಲ್ಲಿದ್ದ ಇದನ್ನು 2016ರಲ್ಲಿ 'ದುರ್ಬಲ' ವರ್ಗಕ್ಕೆ ಬದಲಿಸಲಾಯಿತು. ಹುಡುಕಾಟದಲ್ಲಿ ಹೊಸ ನೆಲೆಗಳು ಪತ್ತೆಯಾದುದು ಈ ಬದಲಾವಣೆಗೆ ಆಧಾರ. ಆದ್ದರಿಂದ ಇದನ್ನು ಸಂಖ್ಯೆಯ ಚೇತರಿಕೆಯೆಂದು ಭಾವಿಸಲಾಗದು. 'ದುರ್ಬಲ' ವರ್ಗವೂ ಅಳಿವಿನ ಅಪಾಯವನ್ನೇ ಸೂಚಿಸುತ್ತದೆ.